ಎಡಗಿವಿಯ ನೇರಳೆ

ಸ್ವಲ್ಪ ಕೂತು ಇದನ್ನು ಪೂರ್ತಿ ಕೇಳಿಬಿಡಿ. ಮೊಟ್ಟೆಯೊಳಗೆ ಇನ್ನೂ ಕೋಳಿಯೇ ಆಗದ ಒಂದು ಮರಿಯ ಕಿವಿಯ ವಿಷಯ ಅಂದ ಕೂಡಲೇ ಎದ್ದು ಹೋಗಬೇಡಿ. ಆ ಕಿವಿ ಸಾಸಿವೆ ಕಾಳಿಗಿಂತ ಚಿಕ್ಕದು, ನಿಜ. ಆದರೆ ಅಷ್ಟು ಚಿಕ್ಕದರೊಳಗೆ ಒಬ್ಬಳ ಬದುಕು ಹೇಗೆ ಸಿಕ್ಕಿಹಾಕಿಕೊಂಡಿತು ಎಂದು ಕೇಳಿದ ಮೇಲೆ ನಿಮಗೂ ಎದ್ದು ಹೋಗಲು ಮನಸ್ಸಾಗುವುದಿಲ್ಲ.

ಲಿಯೋನಾ ಫೆಡೊರುಕ್ ಪಿಎಚ್.ಡಿ. ಮಾಡುತ್ತಿದ್ದದ್ದು ಕೆನಡಾದ ಸಸ್ಕಾಚೆವಾನ್ ಬಯಲಿನ ನಡುವಿನ ಒಂದು ಊರಿನಲ್ಲಿ. ಜನವರಿ. ಹೊರಗೆ ನಿಲ್ಲಿಸಿದ ಕಾರುಗಳ ಮೂತಿಯಿಂದ ವೈರು ಇಳಿಬಿದ್ದು, ಇಂಜಿನ್ ಹೆಪ್ಪುಗಟ್ಟದಿರಲಿ ಎಂದು ಕರೆಂಟಿಗೆ ಸಿಕ್ಕಿಸಿರುತ್ತಿದ್ದ ಕಾಲ. ಒಳಗೆ ಪ್ರಯೋಗಾಲಯದ ಬೆಚ್ಚನೆಯ ಪೆಟ್ಟಿಗೆಯಲ್ಲಿ ಕೋಳಿಮೊಟ್ಟೆಗಳು ಸಾಲಾಗಿ ಮಲಗಿರುತ್ತಿದ್ದವು. ಲಿಯೋನಾಳ ಕೆಲಸವೆಂದರೆ ಮೊಟ್ಟೆ ಒಡೆದು, ಹಳದಿಯ ಮೇಲೆ ತೇಲುತ್ತಿರುವ ಪುಟ್ಟ ಭ್ರೂಣವನ್ನು ಕತ್ತರಿಸಿ ತೆಗೆದು, ಯಾವ ಜೀನ್ ಅದರ ಮೈಯ ಯಾವ ಭಾಗದಲ್ಲಿ ಕೆಲಸ ಮಾಡುತ್ತಿದೆ ಎಂದು ಹುಡುಕುವುದು.

ಒಂದು ದೊಡ್ಡ ಕೂಡುಕುಟುಂಬದಲ್ಲಿ ಎಲ್ಲರ ಸೊಂಟದಲ್ಲೂ ಒಂದೇ ಥರದ ಕೀಲಿಗೊಂಚಲು ಇದೆ ಎಂದುಕೊಳ್ಳಿ. ಅಡುಗೆಮನೆಯವರು ಉಗ್ರಾಣದ ಬಾಗಿಲು ಮಾತ್ರ ತೆಗೆಯುತ್ತಾರೆ, ಅಂಗಡಿ ನೋಡಿಕೊಳ್ಳುವವರು ಗಲ್ಲಾಪೆಟ್ಟಿಗೆಯ ಬೀಗ ಮಾತ್ರ ತೆಗೆಯುತ್ತಾರೆ. ಉಳಿದ ಕೀಲಿಗಳು ಸುಮ್ಮನೆ ಜೋತಾಡುತ್ತಿರುತ್ತವೆ. ಮೈಯ ಜೀವಕೋಶಗಳೂ ಹಾಗೇ. ಹೃದಯದ ಕೋಶದಲ್ಲೂ ಕಿವಿಯ ಕೋಶದಲ್ಲೂ ಇರುವ ಜೀನುಗಳೆಲ್ಲ ಒಂದೇ. ಯಾವುದನ್ನು ತೆರೆಯುತ್ತೇವೆ, ಯಾವುದನ್ನು ಮುಚ್ಚಿಡುತ್ತೇವೆ ಅನ್ನುವುದರಲ್ಲೇ ಒಂದು ಹೃದಯವಾಗುತ್ತದೆ, ಇನ್ನೊಂದು ಕಿವಿಯಾಗುತ್ತದೆ.

ಲಿಯೋನಾ ಹಿಂಬಾಲಿಸುತ್ತಿದ್ದ ಜೀನಿಗೆ ಒಂದು ಉದ್ದನೆಯ ಹೆಸರಿತ್ತು. ಪ್ರಯೋಗಾಲಯದಲ್ಲಿ ಯಾರೂ ಅದನ್ನು ಹೇಳುತ್ತಿರಲಿಲ್ಲ. ಆ ಜೀನ್ ಕೆಟ್ಟರೆ ಮರಿಯ ಹೃದಯ ಮಡಿಸಿದ ಕಡುಬಿನ ಹಾಗೆ ಮುದುಡಿಕೊಳ್ಳುತ್ತಿತ್ತು. ಲಿಯೋನಾಳ ಅಜ್ಜಿಯ ಕಡೆಯವರು ಉಕ್ರೇನಿನಿಂದ ಬಂದವರು, ಆಲೂಗಡ್ಡೆ ತುಂಬಿದ ಅಂಥ ಕಡುಬಿಗೆ ಅವರು ಪೆರೋಗಿ ಅನ್ನುತ್ತಾರೆ. ಹಾಗಾಗಿ ಜೀನಿನ ಹೆಸರೂ ಪೆರೋಗಿ ಎಂದೇ ಆಗಿಹೋಯಿತು.

ಪೆರೋಗಿ ಹೃದಯದಲ್ಲಿ ತೆರೆದಿರುತ್ತದೆ ಅನ್ನುವುದು ಲೋಕಕ್ಕೇ ಗೊತ್ತಿದ್ದ ಸಂಗತಿ. ಲಿಯೋನಾ ಕಂಡುಹಿಡಿದದ್ದು ಬೇರೆ. ಪೆರೋಗಿ ಕಿವಿಯಲ್ಲೂ ತೆರೆಯುತ್ತದೆ, ಅದೂ ಎಡಗಿವಿಯಲ್ಲಿ ಮಾತ್ರ! ಬಲಗಿವಿಯಲ್ಲಿ ಇಲ್ಲವೇ ಇಲ್ಲ. ಹೃದಯ ಒಂದು ಕಡೆ ವಾಲುತ್ತದೆ, ಸರಿ. ಆದರೆ ಕಿವಿಗಳು ಒಂದರ ಪಡಿಯಚ್ಚು ಇನ್ನೊಂದು ಎಂದೇ ಎಲ್ಲರೂ ನಂಬಿದ್ದರು. ಅವಳ ಚಿತ್ರಗಳನ್ನು ನೋಡಿದವರು ಕುರ್ಚಿಯಲ್ಲಿ ಮುಂದಕ್ಕೆ ಬಾಗುತ್ತಿದ್ದರು. ಬಿಳಿ ಭ್ರೂಣ, ಎದೆಯಲ್ಲಿ ನೇರಳೆ ಬಣ್ಣ, ಎಡಗಿವಿಯಲ್ಲಿ ಒಂದು ನೇರಳೆ ಚುಕ್ಕೆ. ಪ್ರತಿ ಮರಿಯಲ್ಲೂ ಅದೇ, ಒಂದೂ ತಪ್ಪದೆ.

ಇದಕ್ಕಿಂತ ಮುಂಚೆ ಅವಳು ಇನ್ನೊಂದು ಜೀನಿನ ಹಿಂದೆ ವರ್ಷಗಟ್ಟಲೆ ಅಲೆದಿದ್ದಳು. ಅದನ್ನು ಬೇರೆ ಯಾರೋ ಮೊದಲೇ ಪ್ರಕಟಿಸಿಬಿಟ್ಟರು. ಅಲ್ಲಿಗೆ ಅದು ಮಣ್ಣುಪಾಲು. ವಿಶ್ವವಿದ್ಯಾಲಯ ಕೊಟ್ಟಿದ್ದ ಗಡುವು ಮುಗಿದು, ಬೇಡಿಕೊಂಡು ಪಡೆದ ಹೆಚ್ಚಿನ ಗಡುವೂ ಈ ಚಳಿಗಾಲಕ್ಕೆ ಮುಗಿಯುತ್ತಿತ್ತು. ಮತ್ತೆ ಕೇಳಬೇಡ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಸೋಮವಾರ ವೈವಾ, ಅಂದರೆ ಮೌಖಿಕ ಪರೀಕ್ಷೆ. ಪಾಸಾದರೆ ಡಾಕ್ಟರೇಟು, ಇಲ್ಲವಾದರೆ ಇಷ್ಟು ವರ್ಷ ಮೊಟ್ಟೆ ಒಡೆದದ್ದಕ್ಕೆ ಆಮ್ಲೆಟ್ಟೂ ಇಲ್ಲ.

ಕತೆ ಕೆಟ್ಟದ್ದು ಅದರ ಹಿಂದಿನ ಬುಧವಾರ.

ಬೆಳಿಗ್ಗೆ ಅವಳು ಕಾಫಿ ಹಿಡಿದುಕೊಂಡು ಆರ್ಲೋನ ಮೇಜಿನ ಹತ್ತಿರ ಹೋದಳು. ಆರ್ಲೋ ಪೆಯಾಚ್ಯೂ ಅದೇ ಪ್ರಯೋಗಾಲಯದ ಇನ್ನೊಬ್ಬ ವಿದ್ಯಾರ್ಥಿ, ಅವಳಿಗಿಂತ ಎರಡು ವರ್ಷ ಕಿರಿಯ, ಬಾಯಿಬಡುಕ. ಸೂಕ್ಷ್ಮದರ್ಶಕಕ್ಕೆ ಕಣ್ಣು ಅಂಟಿಸಿಕೊಂಡು ಭ್ರೂಣಗಳಿಗೆ ಸೂಜಿ ಚುಚ್ಚುತ್ತಿದ್ದ.

ಈ ಚುಚ್ಚುವ ವಿಷಯ ಸ್ವಲ್ಪ ಗಮನವಿಟ್ಟು ಕೇಳಿ. ಜೀನ್ ತೆರೆದಿರುವ ಜಾಗಕ್ಕೆ ನೇರಳೆ ಬಣ್ಣ ಬರಿಸಲು ಭ್ರೂಣವನ್ನು ನಾಲ್ಕೈದು ದಿನ ಒಂದಾದ ಮೇಲೊಂದು ದ್ರವದಲ್ಲಿ ಅದ್ದಬೇಕು, ತೊಳೆಯಬೇಕು. ಮೈಯಲ್ಲಿ ಮುಚ್ಚಿದ ಪೊಳ್ಳು ಜಾಗಗಳಿದ್ದರೆ ದ್ರವ ಒಳಗೇ ನಿಂತುಬಿಡುತ್ತದೆ, ತೊಳೆದರೂ ಹೋಗುವುದಿಲ್ಲ. ಆಮೇಲೆ ಅಲ್ಲಿ ಸುಮ್ಮಸುಮ್ಮನೆ ನೇರಳೆ ಕಟ್ಟುತ್ತದೆ. ಅದಕ್ಕೇ ತಲೆಯಲ್ಲೂ, ಮುಂದೆ ಕಿವಿಯಾಗುವ ಗುಳ್ಳೆಯಲ್ಲೂ ಮೊದಲೇ ಸಣ್ಣ ತೂತು ಮಾಡಿಡುವುದು ಈ ಕಸುಬಿನವರ ಪದ್ಧತಿ.

ಆರ್ಲೋ ಒಂದು ಮರಿಯ ಕಿವಿಗೆ ಚುಚ್ಚಿದ. ಆಮೇಲೆ ಚಿಮಟದಿಂದ ಅದನ್ನು ಮಗುಚಿ ಮತ್ತೊಮ್ಮೆ ಚುಚ್ಚಿದ.

"ಏನ್ ಮಾಡ್ತಿದೀಯ?" ಎಂದಳು ಲಿಯೋನಾ.

"ಚುಚ್ತಿದೀನಿ. ಕಾಣಲ್ವಾ?"

"ಆಗ್ಲೇ ಚುಚ್ಚಿದ್ಯಲ್ಲ."

"ಅದು ಬಲಗಿವಿ, ಇದು ಎಡಗಿವಿ. ಮರಿಗೆ ಎರಡು ಕಿವಿ ಇರುತ್ತೆ, ಎಡಗಿವಿ ಮಹಾರಾಣಿ. ನೀನು ಒಂದನ್ನೇ ನೋಡ್ಕೊಂಡು ಡಾಕ್ಟ್ರಾಗ್ತಿದೀಯ ಅಂತ ಇನ್ನೊಂದು ಉದುರಿ ಹೋಗುತ್ತಾ?"

ಲಿಯೋನಾ ನಗಲಿಲ್ಲ. "ಯಾವಾಗ್ಲೂ ಮಗುಚ್ತೀಯಾ?"

"ಮತ್ತೆ? ಅದು ಎಡಮಗ್ಗುಲಲ್ಲಿ ಮಲಗಿರುತ್ತಲ್ಲ, ಮಗುಚದೆ ಇದ್ರೆ ಆ ಕಿವಿ ಕೈಗೆ ಸಿಗುತ್ತಾ? ಹೋದ್ ವರ್ಷ ನಿನ್ನ ಹೋಲಿಕೆಯ ಮರಿಗಳನ್ನೂ ಹಾಗೇ ಮಾಡ್ಕೊಟ್ಟಿದ್ನಲ್ಲ." ಆರ್ಲೋ ತಲೆ ಎತ್ತಿದ. "ಯಾಕೆ, ನೀನ್ ಮಗುಚಲ್ವಾ?"

"ಮಗುಚ್ತೀನಿ," ಎಂದಳು ಲಿಯೋನಾ.

ಸುಳ್ಳು. ಅವಳು ಒಂದೇ ಒಂದು ಮರಿಯನ್ನೂ ಮಗುಚಿರಲಿಲ್ಲ.

ಕಾಫಿ ಲೋಟ ಮೇಜಿನ ಮೇಲಿಟ್ಟು ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ನಿಂತಳು. ಗೈಡ್ ಗ್ವೆನ್ ಅವಳಿಗೆ ಸೂಜಿ ಹಿಡಿಯುವುದನ್ನು ಕಲಿಸಿದ್ದು ಇನ್ನೂ ಎಳೆಯ ಭ್ರೂಣಗಳ ಮೇಲೆ. ಆ ವಯಸ್ಸಿನಲ್ಲಿ ಕಿವಿ ಅಂದರೆ ಬರೀ ಒಂದು ತೆರೆದ ಬಟ್ಟಲು, ತಲೆಗೊಂದು ತೂತು ಮಾಡಿದರೆ ಮುಗಿಯಿತು. ಮುಂದೆ ದೊಡ್ಡ ಭ್ರೂಣಗಳಿಗೆ ಬಂದಾಗ ಕಿವಿ ಮುಚ್ಚಿಕೊಂಡಿರುವುದನ್ನು ನೋಡಿ, ಮೇಲೆ ಕಂಡ ಕಿವಿಗೆ ತಾನೇ ಒಂದು ತೂತು ಮಾಡಿದ್ದಳು. ಮೇಲೆ ಕಾಣುವುದು ಯಾವಾಗಲೂ ಬಲಗಿವಿ. ಕೆಳಗಿನ ಎಡಗಿವಿ ಪ್ರತಿ ಸಲವೂ ಮುಚ್ಚಿಯೇ ಇತ್ತು. ಹೋಲಿಕೆಗೆಂದು ಬೇರೆ ದ್ರವದಲ್ಲಿ ಅದ್ದಿದ ಮರಿಗಳಲ್ಲಿ ಆ ಚುಕ್ಕೆ ಬರಲಿಲ್ಲ ಎಂದು ಎಷ್ಟು ಜಂಬಪಟ್ಟಿದ್ದಳು! ಅವನ್ನು ಚುಚ್ಚಿದ್ದು ಆರ್ಲೋ, ಎರಡೂ ಕಿವಿಗೆ.

ಇಲ್ಲ, ಇರಲಾರದು ಎಂದುಕೊಂಡಳು. ಎಡಗಿವಿಯಲ್ಲಿ ಪೆರೋಗಿ ನಿಜವಾಗಿಯೂ ಇದ್ದರೆ? ಇರಲೇಬೇಕು. ಇರಲಿ, ದೇವರೇ, ಇರಲಿ. ಹೊರಗೆ ಬಂದವಳೇ ಆರ್ಲೋನ ಮುಂದೆ ನಿಂತಳು.

"ಮಿಕ್ಕಿರೋ ಮೊಟ್ಟೆ ನಂಗ್ ಕೊಡ್ತೀಯಾ?"

"ಸೋಮವಾರ ವೈವಾ ಇಟ್ಕೊಂಡು ಈಗೇನ್ ಮೊಟ್ಟೆ ಮಾರಾಯ್ತಿ? ಹೋಗಿ ಮಲ್ಕೋ."

"ಕೊಡೋ."

ದನಿ ಹೇಗೆ ಬಂತೋ, ಅವನು ಮೊಟ್ಟೆಯ ತಟ್ಟೆಯನ್ನೇ ಅವಳ ಕಡೆ ತಳ್ಳಿದ.

ಅವಳು ಮೊಟ್ಟೆಗಳನ್ನು ಒಡೆದಳು. ಮರಿಗಳನ್ನು ತೆಗೆದು, ಒಂದೊಂದನ್ನೂ ಮಗುಚಿ, ಎಡಗಿವಿಗೆ ಮಾತ್ರ ಚುಚ್ಚಿದಳು. ಬಲಗಿವಿಯನ್ನು ಮುಟ್ಟಲಿಲ್ಲ. ಲೆಕ್ಕ ಸರಳ. ಜೀನ್ ನಿಜವಾಗಿ ಎಡಗಿವಿಯಲ್ಲಿದ್ದರೆ, ತೂತಿದ್ದರೂ ನೇರಳೆ ಎಡಕ್ಕೇ ಬರಬೇಕು. ತೊಳೆಯದೆ ಉಳಿದ ದ್ರವದ ಆಟವಾಗಿದ್ದರೆ ನೇರಳೆ ಮುಚ್ಚಿದ ಕಡೆಗೆ, ಅಂದರೆ ಬಲಕ್ಕೆ ಹಾರಬೇಕು. ಕೈ ನಡುಗಿ ಎರಡು ಮರಿಗಳು ಹರಿದುಹೋದವು. ಉಳಿದವನ್ನು ಶೀಶೆಗೆ ಹಾಕಿದಳು.

ಆಮೇಲಿನ ದಿನಗಳನ್ನು ಅವಳು ಹೇಗೆ ಕಳೆದಳೋ. ದ್ರವ ಬದಲಾಯಿಸುವುದು, ತೊಳೆಯುವುದು, ಕಾಯುವುದು. ವೈವಾಕ್ಕೆಂದು ಮಾಡಿಟ್ಟ ಚಿತ್ರಗಳನ್ನು ಗಣಕದಲ್ಲಿ ತೆರೆಯುವುದು, ಎಡಗಿವಿಯ ಚುಕ್ಕೆ ಕಂಡ ಕೂಡಲೇ ಮುಚ್ಚುವುದು. ಅನ್ನ ಸೇರಲಿಲ್ಲ ಅನ್ನೋಣವೆಂದರೆ ಅವರ ಕಡೆ ಅನ್ನವೂ ಇಲ್ಲ, ಒಣ ಬ್ರೆಡ್ಡನ್ನೂ ಅರ್ಧ ತಿಂದು ತಟ್ಟೆಯಲ್ಲೇ ಬಿಟ್ಟಳು.

ಶನಿವಾರ ಅಜ್ಜಿಯ ಫೋನು ಬಂತು. ಅಜ್ಜಿಯನ್ನು ಅವರ ಮನೆಯಲ್ಲಿ ಬಾಬಾ ಎಂದು ಕರೆಯುತ್ತಾರೆ.

"ಲಿಯೋನಾ, ಚರ್ಚಿನ ಸಭಾಂಗಣ ಗೊತ್ತು ಮಾಡಿದೀನಿ ಕಣೇ ಸೋಮವಾರ ಸಂಜೆಗೆ. ಹೆಂಗಸ್ರೆಲ್ಲ ಸೇರಿ ಪೆರೋಗಿ ಮಡಿಸಿ ಫ್ರೀಜರ್ ತುಂಬ್ಸಿದೀವಿ."

"ಬಾಬಾ, ಈಗ್ಲೇ ಅದೆಲ್ಲ ಯಾಕೆ? ಪಾಸಾಗ್ಲಿ ಮೊದ್ಲು."

"ಪಾಸಾಗ್ದೆ ಏನು? ಅದ್ಸರಿ, ಡಾಕ್ಟ್ರಾದ್ಮೇಲೆ ನನ್ ಮಂಡಿ ನೋವಿಗೆ ಏನಾದ್ರೂ ಬರ್ಕೊಡ್ತೀಯ ತಾನೇ?"

"ನಾನು ಆ ಥರ ಡಾಕ್ಟ್ರಲ್ಲ ಬಾಬಾ."

"ಗೊತ್ತು ಬಿಡೇ, ಕೋಳಿ ಡಾಕ್ಟ್ರು. ನನ್ ಕಾಲೂ ಈಗ ಕೋಳಿ ಕಾಲಿನ್ ಥರಾನೇ ಆಗಿದೆ, ನೋಡ್ಬಹುದು."

ಲಿಯೋನಾ ನಕ್ಕಳು. ನಗುತ್ತಿರುವಾಗಲೇ ಅದು ಅಳುವಾಗಿ, ನೆಗಡಿ ಎಂದು ಹೇಳಿ ಫೋನಿಟ್ಟಳು.

ಭಾನುವಾರ ಮಧ್ಯಾಹ್ನ ಕೊನೆಯ ದ್ರವ ಹಾಕಿದಳು, ಬಣ್ಣ ಬರಿಸುವ ದ್ರವ. ಪ್ರಯೋಗಾಲಯದಲ್ಲಿ ಬೇರೆ ಯಾರೂ ಇರಲಿಲ್ಲ. ಭ್ರೂಣಗಳು ಮೊದಲು ಬೆಳ್ಳಗೇ ಇದ್ದವು. ಆಮೇಲೆ ಎದೆಯಲ್ಲಿ ನಸು ಗುಲಾಬಿ, ಅದು ದಟ್ಟವಾಗಿ ನೇರಳೆ. ಹೃದಯ! ಎಷ್ಟು ಸಲ ನೋಡಿದ್ದರೂ ಹೃದಯ ಬಣ್ಣ ತಿರುಗುವಾಗ ಅವಳಿಗೆ ಮೈ ಜುಮ್ಮೆನ್ನುತ್ತಿತ್ತು. ಈಗ ಅದರ ಕಡೆ ನೋಡುವ ಧೈರ್ಯವೂ ಇರಲಿಲ್ಲ. ಕಣ್ಣು ಕಿವಿಗಳ ಮೇಲೇ ನೆಟ್ಟಿತ್ತು. ಎಡಗಡೆ ಬಾ, ಎಡಗಡೆ ಬಾ ಎಂದು ಗೊಣಗುತ್ತಿದ್ದಳು. ಒಂದೇ ಒಂದು ಸಲ ಎಡಗಡೆ ಬಂದುಬಿಡು, ಮತ್ತೆ ಜನ್ಮದಲ್ಲಿ ಏನೂ ಕೇಳಲ್ಲ.

ಎಡಗಿವಿ ಗಾಜಿನ ಹಾಗೆ ತಿಳಿಯಾಗಿಯೇ ಉಳಿಯಿತು. ಬಲಗಿವಿಯಲ್ಲಿ ಒಂದು ನೇರಳೆ ಚುಕ್ಕೆ ಮೂಡಿತು. ಮೊದಲ ಮರಿಯಲ್ಲಿ, ಪಕ್ಕದ ಮರಿಯಲ್ಲಿ, ಎಲ್ಲದರಲ್ಲೂ.

ಒಂದು ಮರಿಯ ಕಿವಿಯನ್ನು ಚೂಪು ಬ್ಲೇಡಿನಿಂದ ಸೀಳಿ ನೋಡಿದಳು. ಗೋಡೆ ಬೆಳ್ಳಗಿತ್ತು. ನೇರಳೆ ಪೊಳ್ಳಿನೊಳಗೆ ಗಸಿಯ ಹಾಗೆ ಕೂತಿತ್ತು. ಪೆರೋಗಿ ಎರಡು ಕಿವಿಯಲ್ಲೂ ಇರಲಿಲ್ಲ. ಯಾವತ್ತೂ ಇರಲಿಲ್ಲ.

ಗ್ವೆನ್ ಟ್ಯಾರಂಟ್ ಭಾನುವಾರ ಸಂಜೆ ಎಲ್ಲಿರುತ್ತಾಳೆ ಎಂದು ಪ್ರಯೋಗಾಲಯದವರಿಗೆಲ್ಲ ಗೊತ್ತು: ಕರ್ಲಿಂಗ್ ಅಂಗಳದಲ್ಲಿ. ಹಿಮದ ಹಾಸಿನ ಮೇಲೆ ಭಾರದ ಕಲ್ಲು ಜಾರಿಸುತ್ತ, ಅದರ ಮುಂದೆ ಪೊರಕೆಯಿಂದ ತಿಕ್ಕುತ್ತ ಓಡುವ ಆಟ. ಲಿಯೋನಾ ಶೀಶೆಯನ್ನು ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ಅಲ್ಲಿಗೆ ಹೋದಳು. ಗ್ವೆನ್ ಪೊರಕೆ ಹಿಡಿದುಕೊಂಡೇ ಗಾಜಿನ ಗೋಡೆಯ ಈಚೆಗೆ ಬಂದಳು. ಕೆನ್ನೆ ಕೆಂಪಾಗಿತ್ತು, ಗೆಲ್ಲುತ್ತಿದ್ದಳು ಅನ್ನಿಸುತ್ತದೆ.

"ಏನೇ ಮುಖ ಹೀಗಿದೆ? ವೈವಾಕ್ಕೆ ಹೆದ್ರಿಕೊಂಡ್ಯಾ? ಸ್ವಲ್ಪ ಕಿವಿ ಹಿಂಡ್ತಾರೆ ಅಷ್ಟೆ, ಯಾರನ್ನೂ ತಿಂದುಹಾಕಲ್ಲ."

"ಗ್ವೆನ್, ಎಡಗಿವಿ ಸುಳ್ಳು."

"ಏನಂದೆ?"

ಲಿಯೋನಾ ಎಲ್ಲ ಹೇಳಿದಳು. ಜೇಬಿನಿಂದ ಶೀಶೆ ತೆಗೆದು ಕೊಟ್ಟಳು. ಗ್ವೆನ್ ಶೀಶೆಯನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದಳು. ಒಳಗಿನಿಂದ ಯಾರೋ "ಗ್ವೆನ್, ನಿನ್ನ ಸರದಿ ಬಾರೇ!" ಎಂದು ಕೂಗಿದರು. ಅವಳು ತಿರುಗಲಿಲ್ಲ.

"ಇದು ಒಂದು ಶೀಶೆ," ಎಂದಳು ಕೊನೆಗೆ.

"ಒಂದು ಶೀಶೇಲಿ ಎಲ್ಲಾ ಮರಿಗಳೂ ಹಾಗೇ ಇವೆ."

"ಒಂದು ಸಲ ಮಾಡಿದ್ದು. ಕೈ ನಡುಗ್ತಿತ್ತು ಅಂತೀಯ. ಸೂಜಿ ತಾಗಿ ಎಡಗಿವಿ ಗಾಯವಾಗಿ ಜೀನ್ ಮುಚ್ಕೊಂಡಿದ್ರೆ? ಬಲಗಿವೀಲಿ ಬೇರೇನೋ ಆಗಿದ್ರೆ? ಮೂರು ವರ್ಷದ ಕೆಲಸಾನ ಒಂದು ಭಾನುವಾರದ ಶೀಶೆಯಿಂದ ಬೀಳಿಸ್ತಾರಾ? ನಿಂಗೆ ನಾನು ಕಲಿಸಿದ್ದು ಇದೇನಾ?"

"ಸೀಳಿ ನೋಡ್ದೆ ಗ್ವೆನ್. ಗೋಡೆ ಬೆಳ್ಳಗಿದೆ."

ಗ್ವೆನ್ ಪೊರಕೆಯ ಮೇಲೆ ಭಾರ ಬಿಟ್ಟು ನಿಂತಳು. ಅವಳು ಕೆಟ್ಟವಳಲ್ಲ, ಇದನ್ನು ಹೇಳಲೇಬೇಕು. ಲಿಯೋನಾಳ ಮೊದಲ ಕೆಲಸ ಹಾಳಾದಾಗ ಅವಳನ್ನು ಮನೆಗೆ ಕರೆದುಕೊಂಡು ಹೋಗಿ ವಾರಗಟ್ಟಲೆ ಇಟ್ಟುಕೊಂಡವಳು. ಹೆಚ್ಚಿನ ಗಡುವಿಗಾಗಿ ಕಚೇರಿ ಕಚೇರಿ ತಿರುಗಿದವಳು.

"ಕೇಳಿಲ್ಲಿ," ಎಂದಳು ಮೆಲ್ಲಗೆ. "ನಾಳೆ ನಿಂತ್ಕೊಂಡು ನೀನು ಬರ್ದಿರೋದನ್ನ ಹೇಳು. ನಾಡಿದ್ದು ಬೆಳಿಗ್ಗೆ ನಾನು, ನೀನು, ಆರ್ಲೋ ಕೂತು ಸರಿಯಾಗಿ ಮತ್ತೆ ಮಾಡೋಣ. ಎರಡು ಕಿವಿನೂ ಚುಚ್ಚಿ, ಚುಚ್ಚದೆ, ಎಲ್ಲಾ ಥರಾನೂ. ಸುಳ್ಳು ಅಂತ ಖಾತ್ರಿಯಾದ್ರೆ ನಾನೇ ಎಲ್ರಿಗೂ ಹೇಳ್ತೀನಿ, ತಪ್ಪು ನನ್ ಮೇಲೆ ಹಾಕ್ಕೊಳ್ತೀನಿ. ನೀನು ಅಷ್ಟೊತ್ತಿಗೆ ಡಾಕ್ಟ್ರಾಗಿರ್ತೀಯ. ನಾಳೆ ಬಾಯಿಬಿಟ್ರೆ ನಿಂಗೆ ಇನ್ನೊಂದು ಬಾಗಿಲಿಲ್ಲ ಲಿಯೋನಾ. ಇಲ್ಲ. ನಾನು ಎಲ್ಲಾ ಬಾಗಿಲೂ ತಟ್ಟಿ ನೋಡಿದೀನಿ."

ಲಿಯೋನಾ ಹೂಂ ಅಂದಳು. ನಿಜಕ್ಕೂ ಹೂಂ ಅಂದಳು. ಆ ಮಾತನ್ನು ನಂಬಲು ಎಷ್ಟು ಆಸೆಯಾಯಿತೆಂದರೆ, ಕಾರಿನ ತನಕ ನಡೆಯುವಷ್ಟರಲ್ಲಿ ಅರ್ಧ ನಂಬಿಯೂ ಬಿಟ್ಟಿದ್ದಳು. ಒಂದು ಶೀಶೆ ತಾನೇ. ಕೈ ನಡುಗುತ್ತಿತ್ತು ತಾನೇ. ಆದರೆ ಸ್ಟಿಯರಿಂಗ್ ಹಿಡಿದಾಗ ಕಣ್ಣಮುಂದೆ ಆ ಬೆಳ್ಳನೆಯ ಗೋಡೆ.

ಸೋಮವಾರ ಕೋಣೆ ತುಂಬಿತ್ತು. ಹೊರಗಿನ ಪರೀಕ್ಷಕಿ ಇಂಗ್ರಿಡ್ ಹಾಲ್ವರ್ಸನ್ ಎಡ್ಮಂಟನ್ನಿನಿಂದ ಬಂದಿದ್ದಳು. ಬೆಳ್ಳಿಕೂದಲು, ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ. ಬಾಬಾ ಕೊನೆಯ ಸಾಲಿನಲ್ಲಿ ಹೂವಿನ ರುಮಾಲು ಕಟ್ಟಿಕೊಂಡು ಕೂತು, ಏನೂ ಅರ್ಥವಾಗದಿದ್ದರೂ ಪ್ರತಿ ಚಿತ್ರಕ್ಕೂ ತಲೆಯಾಡಿಸುತ್ತಿದ್ದಳು. ಆರ್ಲೋ ಬಾಗಿಲ ಪಕ್ಕದಲ್ಲಿ ಗೋಡೆಗೊರಗಿದ್ದ. ಎಡಗಿವಿಯ ಚಿತ್ರ ಬಂದಾಗ ಅವನ ಕಣ್ಣು ಚಿತ್ರದಿಂದ ಲಿಯೋನಾಳ ಮುಖಕ್ಕೆ ಹೊರಳಿತು. ಅವನಿಗೆ ಗೊತ್ತಾಗಿದೆ ಎಂದು ಅವಳಿಗೆ ಅನ್ನಿಸಿತು. ಆದರೂ ಬಾಯಿಪಾಠ ಮಾಡಿದ್ದನ್ನೆಲ್ಲ ಹೇಳಿದಳು. ದನಿ ತನ್ನದಲ್ಲ, ಯಾರದೋ ಅನ್ನಿಸುತ್ತಿತ್ತು.

ಪ್ರಶ್ನೆಗಳು ಶುರುವಾದವು. ಸುಲಭದ ಪ್ರಶ್ನೆಗಳು. ಹಾಲ್ವರ್ಸನ್‌ಗೆ ಕೆಲಸ ಇಷ್ಟವಾಗಿತ್ತು, ಮುಖದ ಮೇಲೇ ಕಾಣುತ್ತಿತ್ತು. ಯಾರೂ ಸೂಜಿಯ ವಿಷಯ ಎತ್ತಲಿಲ್ಲ. ಗ್ವೆನ್ ಪೆನ್ನಿನ ಮುಚ್ಚಳ ಹಾಕಿ ತೆಗೆದು ಹಾಕಿ ತೆಗೆದು ಮಾಡುತ್ತಿದ್ದಳು. ಇನ್ನೇನು ಮುಗಿಯಿತು ಅನ್ನುವಾಗ ಹಾಲ್ವರ್ಸನ್ ಕನ್ನಡಕ ತೆಗೆದು ನಕ್ಕಳು.

"ಕೊನೇದಾಗಿ ಒಂದು, ಇದಕ್ಕೆ ಅಂಕ ಗಿಂಕ ಇಲ್ಲ, ಸುಮ್ನೆ ನನ್ ಕುತೂಹಲಕ್ಕೆ. ಇದನ್ನ ಓದ್ದಾಗಿಂದ ನಂಗೆ ನಿದ್ದೆ ಬಂದಿಲ್ಲಮ್ಮ. ಎಡಗಿವೀನೇ ಯಾಕೆ? ನಿನ್ನ ಮನಸ್ಸಿಗೆ ಏನನ್ಸುತ್ತೆ?"

ಅದಕ್ಕೆ ಒಳ್ಳೆಯ ಉತ್ತರ ಅವಳ ಬಳಿ ಇತ್ತು, ಬಾಯಿಪಾಠವಾಗಿತ್ತು. ಬಾಯಿ ತೆರೆದಳು. ಹಿಂದಿನ ಸಾಲಿನಿಂದ ಬಾಬಾ ಹೆಬ್ಬೆರಳು ಎತ್ತಿ ತೋರಿಸಿದಳು.

"ಯಾಕಂದ್ರೆ ನಾನು ಬಲಗಿವಿಗೆ ಮಾತ್ರ ಚುಚ್ಚಿದ್ದೆ," ಎಂದಳು ಲಿಯೋನಾ.

ಗ್ವೆನ್‌ಳ ಪೆನ್ನು ನಿಂತಿತು. ಲಿಯೋನಾ ಜೇಬಿನಿಂದ ಶೀಶೆ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ಏನು ಹೇಳಿದಳೋ ಅವಳಿಗೇ ಸರಿಯಾಗಿ ನೆನಪಿಲ್ಲ. ಹಾಲ್ವರ್ಸನ್ ಕನ್ನಡಕ ಏರಿಸಿ ಶೀಶೆಯನ್ನು ಬೆಳಕಿಗೆ ಹಿಡಿದದ್ದು, ಅವಳ ಮುಖದಿಂದ ಆ ನಗು ಮೆಲ್ಲಗೆ ಇಳಿದುಹೋದದ್ದು, ಅಷ್ಟು ನೆನಪಿದೆ.

ಅವಳನ್ನು ಹೊರಗೆ ಕೂರಿಸಿದರು. ಕಾರಿಡಾರಿನ ಬೆಂಚಿನ ಮೇಲೆ ಆರ್ಲೋ ಬಂದು ಪಕ್ಕದಲ್ಲಿ ಕೂತ.

"ಬುಧವಾರಾನೇ ಗೊತ್ತಾಯ್ತು ನಂಗೆ," ಎಂದ. "ಮಗುಚ್ತೀನಿ ಅಂದ್ಯಲ್ಲ, ಆಗ."

"ಯಾಕ್ ಹೇಳ್ಲಿಲ್ಲ?"

"ನೀನ್ ಯಾಕ್ ಹೇಳ್ಲಿಲ್ಲ?"

ಬಾಬಾ ಈಚೆ ಬದಿ ಕೂತು ಅವಳ ಕೈ ಹಿಡಿದುಕೊಂಡು, "ಆಯ್ತಾ ಕಣೇ? ಡಾಕ್ಟ್ರಾದ್ಯಾ?" ಎಂದು ಪಿಸುಗುಟ್ಟಿದಳು. ಲಿಯೋನಾ ಅವಳ ಭುಜಕ್ಕೆ ತಲೆ ಇಟ್ಟಳು.

ಬಾಗಿಲು ತೆರೆದು ಮೊದಲು ಹಾಲ್ವರ್ಸನ್ ಬಂದಳು. ಲಿಯೋನಾಳ ಮುಂದೆ ಬಗ್ಗಿ ನಿಂತು, "ನನ್ ಪ್ರಶ್ನೆಗೆ ಇಷ್ಟು ಸರಿಯಾದ ಉತ್ತರ ನಂಗೆ ಯಾರೂ ಕೊಟ್ಟಿಲ್ಲ. ಆದ್ರೆ ಈ ಪ್ರಬಂಧಕ್ಕೆ ನಾನು ಸಹಿ ಹಾಕಕ್ಕಾಗಲ್ಲಮ್ಮ," ಎಂದಳು. ಗಡುವಿನ ವಿಷಯ ಅವಳ ಕೈಯಲ್ಲಿರಲಿಲ್ಲ. ವಿಶ್ವವಿದ್ಯಾಲಯದ ಕಚೇರಿ ಮೂರನೆಯ ಸಲ ಗಡುವು ಕೊಟ್ಟದ್ದನ್ನು ಆ ಊರಿನಲ್ಲಿ ಯಾರೂ ಕೇಳಿಲ್ಲ.

ಕೊನೆಗೆ ಗ್ವೆನ್ ಬಂದಳು. ಕಣ್ಣು ಕೆಂಪಾಗಿತ್ತು. ಶೀಶೆಯನ್ನು ಲಿಯೋನಾಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.

"ಒಂದು ದಿನ," ಎಂದಳು. "ಒಂದೇ ಒಂದು ದಿನ ತಡ್ಕೊಂಡಿದ್ರೆ ಏನಾಗ್ತಿತ್ತೇ? ಜೀನ್ ಎಲ್ಲಿಗೂ ಓಡಿ ಹೋಗ್ತಿರ್ಲಿಲ್ಲ." ಉತ್ತರಕ್ಕೆ ಕಾಯದೆ ಹೊರಟುಹೋದಳು.

ಸಂಜೆ ಚರ್ಚಿನ ಸಭಾಂಗಣದಲ್ಲಿ ಬಾಬಾ ಪೆರೋಗಿಗಳನ್ನು ಬೇಯಿಸಿಯೇ ಬೇಯಿಸಿದಳು, ಫ್ರೀಜರಿನಿಂದ ತೆಗೆದಾಗಿದೆ, ಇನ್ನೇನು ಮಾಡುವುದು ಎಂದು. ಲಿಯೋನಾ ತಟ್ಟೆಯ ಮುಂದೆ ಕೂತಳು. ಜೇಬಿನಲ್ಲಿ ಶೀಶೆ. ಅದರೊಳಗೆ ಆ ಪುಟ್ಟ ಮರಿಗಳು, ಎದೆಯಲ್ಲಿ ನಿಜವಾದ ನೇರಳೆ, ಕಿವಿಯಲ್ಲಿ ಸುಳ್ಳು ನೇರಳೆ, ನೋಡುವುದಕ್ಕೆ ಎರಡೂ ಒಂದೇ ಬಣ್ಣ. ನಾಳೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಎಂದು ಅವಳಿಗೆ ತಿಳಿಯಲಿಲ್ಲ.

ಮಂಗಳವಾರ ಹೇಳಿದ್ದರೂ ಸತ್ಯ ಸತ್ಯವೇ ಆಗಿರುತ್ತಿತ್ತು, ಗ್ವೆನ್ ಹೇಳಿದ್ದರಲ್ಲಿ ಅಷ್ಟು ತಪ್ಪೇನೂ ಕಾಣುವುದಿಲ್ಲ. ಹಾಗಿದ್ದರೂ, ಆ ಮುದುಕಿ ಕನ್ನಡಕ ತೆಗೆದು, ನಗುತ್ತ, ಎಡಗಿವೀನೇ ಯಾಕೆ ಎಂದು ನಿಮ್ಮನ್ನೇ ಕೇಳಿದ್ದರೆ, ನೀವು ಏನು ಹೇಳುತ್ತಿದ್ದಿರಿ?